ಅಷ್ಟು ಹಳೆಯ ಕೊಲೆಗಾರ ಈಗ ಹೇಗೆ ಸಿಗ್ತಾನೆ?

ನಾನು ಕಾರವಾರದಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ ಜನ ಕೇಳುತ್ತಾರೆ: ‘ಅಮೆರಿಕದಲ್ಲಿ ಮೂವತ್ತು ವರ್ಷ ಹಿಂದಿನ ಸರಣಿ ಕೊಲೆಗಾರರನ್ನ ಈಗ ಹಿಡೀತಾರಲ್ಲ, ಹೇಗೆ?’

ಡಿಎನ್‌ಎ ಅನ್ನುವುದು ಅರ್ಧ ಉತ್ತರ. ಯಾರೋ ಆ ಸ್ಯಾಂಪಲ್ ಕೆಡದಂತೆ ಎತ್ತಿಟ್ಟಿದ್ದರು ಅನ್ನುವುದು ಉಳಿದರ್ಧ. ನನಗೆ ಅದೇ ದೊಡ್ಡದು.

ಗ್ಯಾರಿ ರಿಡ್ಜ್‌ವೇ ಕೇಸ್ ನೋಡಿ. 1980ರ ದಶಕದಲ್ಲಿ ಸಿಯಾಟಲ್ ಸುತ್ತ ಹೆಂಗಸರ ಕೊಲೆಗಳು ಸಾಲು ಸಾಲಾಗಿ ನಡೆದವು. ಅವನ ಮೇಲೆ ಅನುಮಾನವಿತ್ತು, ಸಾಕ್ಷಿ ಸಾಲುತ್ತಿರಲಿಲ್ಲ. 1987ರಲ್ಲಿ ಪೊಲೀಸರು ಅವನಿಂದ ಬಟ್ಟೆಯ ತುಂಡು ಜಗಿಸಿ ಎಂಜಲು ತೆಗೆದಿಟ್ಟರು. ಆಗಿನ ಪರೀಕ್ಷೆಗೆ ಡಿಎನ್‌ಎ ಜಾಸ್ತಿ ಬೇಕಿತ್ತು. ಒಂದು ಚೂರನ್ನೇ ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ವಿಧಾನ ಅಪರಾಧ ಲ್ಯಾಬುಗಳಲ್ಲಿ ಆಮೇಲೆ ಬಳಕೆಗೆ ಬಂತು. 2001ರಲ್ಲಿ ಎಂಜಲಿನ ಡಿಎನ್‌ಎ, ಕೊಲೆಯಾದ ಹೆಂಗಸರ ದೇಹದಿಂದ ತೆಗೆದಿಟ್ಟಿದ್ದ ಡಿಎನ್‌ಎ ಜೊತೆ ತಾಳೆಯಾಯಿತು. 2003ರಲ್ಲಿ ಅವನು 48 ಕೊಲೆ ಒಪ್ಪಿಕೊಂಡ. ಆ ಬಟ್ಟೆ ತುಂಡನ್ನು ನಡುವೆ ಯಾರಾದರೂ ಕಸಕ್ಕೆ ಹಾಕಿದ್ದರೆ?

ಜೋಸೆಫ್ ಡಿಏಂಜೆಲೊನ ಡಿಎನ್‌ಎ ಪೊಲೀಸರ ದಾಖಲೆಯಲ್ಲೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 13 ಕೊಲೆ ಮಾಡಿ 1986ರ ನಂತರ ಸುಮ್ಮನಾಗಿದ್ದ. ಜನ ತಮ್ಮ ಡಿಎನ್‌ಎ ವಿವರ ಹಾಕಿ ಬಂಧುಗಳನ್ನು ಹುಡುಕಲು ಬಳಸುವ ಜೆಡ್‌ಮ್ಯಾಚ್ ಎಂಬ ತಾಣದಲ್ಲಿ, ಹಳೆಯ ಕೊಲೆಯೊಂದರಿಂದ ತೆಗೆದಿಟ್ಟಿದ್ದ ಡಿಎನ್‌ಎ ಹೋಲಿಸಿದಾಗ ಅವನ ದೂರದ ದಾಯಾದಿಗಳು ಸಿಕ್ಕರು. ಶಿರಸಿ ಕಡೆ ಮದುವೆಮನೆಯಲ್ಲಿ ಅಜ್ಜಿಯರು ‘ನೀ ಯಾರ ಪೈಕಿ?’ ಅಂತ ಶುರುಮಾಡಿ ನಾಲ್ಕು ತಲೆಮಾರು ಹಿಂದೆ ಹೋಗಿ ನಂಟು ಹಿಡೀತಾರಲ್ಲ, ತನಿಖೆಯೂ ಹಾಗೇ ನಡೆಯಿತು. ವಯಸ್ಸು, ಊರು ನೋಡಿ ಒಬ್ಬೊಬ್ಬರನ್ನೇ ಬಿಡುತ್ತಾ ಬಂದರು. ಅವನೆಸೆದ ಟಿಶ್ಯೂ ಕೊನೆಗೆ ಅವನನ್ನೇ ತೋರಿಸಿತು. 2018ರ ಏಪ್ರಿಲ್‌ನಲ್ಲಿ ಸಿಕ್ಕಾಗ ಅವನಿಗೆ 72. ಒಂದು ಕಾಲದಲ್ಲಿ ಪೊಲೀಸ್ ಆಗಿದ್ದವನು!

‘ನಮ್ಮಲ್ಲಿ ಯಾಕಾಗಲ್ಲ?’ ಪರೀಕ್ಷೆ ನಮಗೂ ಬರುತ್ತದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿಯಿತು. ಸೆಪ್ಟೆಂಬರ್‌ನಲ್ಲಿ ಗಂಗಾವಳಿ ನದಿಯಿಂದ ಎತ್ತಿದ ಲಾರಿಯಲ್ಲಿದ್ದ ದೇಹ ಯಾರದೆಂದು ಖಚಿತವಾಗಿದ್ದು ಡಿಎನ್‌ಎಯಿಂದಲೇ. ಆದರೆ ಡಿಎನ್‌ಎ ದಾಖಲೆಗೆಂದೇ 2019ರಲ್ಲಿ ಲೋಕಸಭೆಗೆ ಬಂದ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು. ಇನ್ನು ನಮ್ಮ ಕರಾವಳಿಯ ಮಳೆಗಾಲ! ಕಪಾಟಿನಲ್ಲಿಟ್ಟ ಸೀರೆಗೇ ಬೂಷ್ಟು ಹಿಡಿಯುತ್ತದೆ. ರಕ್ತ ಹತ್ತಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಬ್ಯಾಕ್ಟೀರಿಯಾ, ಬೂಷ್ಟು ಸೇರಿ ಡಿಎನ್‌ಎ ಹಾಳುಮಾಡುತ್ತವೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿಡಬೇಕು. ಇಲ್ಲಿನ ಪ್ರತಿ ಠಾಣೆಗೂ ತೇವವಿಲ್ಲದ ಒಂದು ಕೋಣೆ ಬೇಕೇ ಬೇಕು.

‘ಮುದುಕನಾದವನನ್ನ ಹಿಡಿದು ಏನು ಲಾಭ?’ ಅಂತಲೂ ಕೆಲವರು ಕೇಳುತ್ತಾರೆ. ಸತ್ತವಳ ತಾಯಿಗೆ ಉತ್ತರ ಬೇಡವಾ? ಇನ್ನೊಂದು ವಿಷಯವೂ ಇದೆ. ಇಂಗ್ಲೆಂಡಿನ ಲೆಸ್ಟರ್ ಬಳಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು ಹುಡುಗಿಯ ಕೊಲೆಯಾಯಿತು. 17 ವರ್ಷದ ಹುಡುಗನೊಬ್ಬ ಎರಡನೆಯದನ್ನು ಒಪ್ಪಿಕೊಂಡುಬಿಟ್ಟಿದ್ದ. ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನ ಕಂಡುಹಿಡಿದ ವಿಜ್ಞಾನಿ ಅಲೆಕ್ ಜೆಫ್ರಿಸ್ ಪರೀಕ್ಷೆ ಮಾಡಿದರು. ಎರಡೂ ಒಬ್ಬನದೇ ಕೆಲಸ, ಈ ಹುಡುಗನದ್ದಲ್ಲ. ಹುಡುಗ ಮನೆಗೆ ಹೋದ. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ 1987ರಲ್ಲಿ ಸಿಕ್ಕಿಬಿದ್ದ.