ಆಸ್ಪತ್ರೆಯಿಂದ ಮರಳಿದಾಗ ಅವಳ ಕೋಣೆ ಇರುತ್ತದೆಯೇ?

ನನ್ನ ತಂಗಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಅವಳು ಈಗ ನಮ್ಮೊಡನೆ ಇಲ್ಲ, ಇಂಥ ಕಾಯಿಲೆ ಇರುವವರು ಸಿಬ್ಬಂದಿಯ ನೆರವಿನೊಡನೆ ವಾಸಿಸುವ ಆಸರೆಯ ಮನೆಯೊಂದರಲ್ಲಿ ಇದ್ದಾಳೆ. ಇದನ್ನು ಬಲ್ಲವರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, ಕೇಳುವುದೇ ತಪ್ಪೇನೋ ಎಂಬಂತೆ ಕೇಳುತ್ತಾರೆ: “ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಅಂಥ ಮನೆ ಹುಡುಕುವಾಗ ಮೊದಲು ಏನನ್ನು ನೋಡಬೇಕು?”

ಕಟ್ಟಡ, ತೋಟ, ದಿನಚರಿಯ ಪಟ್ಟಿ ಎಲ್ಲವನ್ನೂ ಆಮೇಲೆ ನೋಡಿ ಎನ್ನುತ್ತೇನೆ. ಮೊದಲು ಹೀಗೆ ಕೇಳಿ: “ಕಾಯಿಲೆ ಮರುಕಳಿಸಿ ಇವಳು ಆಸ್ಪತ್ರೆ ಸೇರಿದರೆ, ಮರಳಿ ಬರುವ ಹೊತ್ತಿಗೆ ಇವಳ ಕೋಣೆ ಇವಳದಾಗಿಯೇ ಇರುತ್ತದೆಯೇ?”

ಮೊದಲ ಸಲ ಮನೆ ಹುಡುಕಿದಾಗ ನಾನು ಇದನ್ನು ಕೇಳಿರಲಿಲ್ಲ. ಒಪ್ಪವಾದ ಕೋಣೆಗಳು, ನಗುಮುಖದ ಮೇಲ್ವಿಚಾರಕಿ, ಇಷ್ಟಕ್ಕೇ ಮನಸೋತಿದ್ದೆ. ಏಳು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಅವಳು ಮಾತ್ರೆಯನ್ನು ನಾಲಿಗೆಯ ಅಡಿಯಲ್ಲಿ ಅಡಗಿಸಿ ಉಗುಳತೊಡಗಿದಳು. ಅವಳಿಗೊಬ್ಬಳಿಗೇ ಕೇಳುವ ದನಿಗಳು ಹಿಂದಿರುಗಿದವು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಡಿಸ್ಚಾರ್ಜ್ ಆಗುವ ಹಿಂದಿನ ದಿನ ಆ ಮನೆಯಿಂದ ಕರೆ ಬಂತು: ಅವಳ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ಸ್ಥಿರವಾಗಿರುವವರಿಗೆ ಮಾತ್ರ ಅಲ್ಲಿ ಅವಕಾಶ. ಅವಳ ಬಟ್ಟೆಬರೆ, ರೇಡಿಯೊ ಎಲ್ಲವೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲ ಬಳಿ ಕಾಯುತ್ತಿದ್ದವು. ಅದನ್ನು ನೋಡಿ ಅವಳು ಕೇಳಿದಳು: “ನಾನೇನು ತಪ್ಪು ಮಾಡಿದೆ?”

ಅವಳು ತಪ್ಪು ಮಾಡಿರಲಿಲ್ಲ. ಏರುವುದು, ಇಳಿಯುವುದು, ಮತ್ತೆ ಏರುವುದು ಈ ಕಾಯಿಲೆಯ ಸ್ವಭಾವ. ಕಾಯಿಲೆ ಇರುವವರಿಗೆಂದೇ ತೆರೆದ ಮನೆ, ಕಾಯಿಲೆ ಹೆಚ್ಚಾದ ದಿನವೇ ಬಾಗಿಲು ಹಾಕಿಕೊಂಡರೆ ಅದನ್ನು ಆಸರೆ ಎಂದು ಕರೆಯಲು ನನ್ನಿಂದಾಗದು.

ಹೀಗೆ ಯೋಚಿಸಿದವಳು ನಾನೇ ಮೊದಲಿಗಳಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನೋವಿಜ್ಞಾನಿ, ತೀವ್ರ ಮಾನಸಿಕ ಕಾಯಿಲೆಯಿಂದ ಬೀದಿಗೆ ಬಿದ್ದವರಿಗಾಗಿ ‘ಪಾತ್‌ವೇಸ್ ಟು ಹೌಸಿಂಗ್’ ಎಂಬ ಸಂಸ್ಥೆ ಆರಂಭಿಸಿದರು. ಅಲ್ಲಿಯವರೆಗಿನ ಪದ್ಧತಿ ಏಣಿಯಂತಿತ್ತು. ಮಾತ್ರೆ ತೆಗೆದುಕೊ, ಕುಡಿತ ಬಿಡು, ಯೋಗ್ಯನೆಂದು ತೋರಿಸು, ಆಮೇಲೆ ಮನೆ. ಜಾರಿದರೆ ಮತ್ತೆ ಕೆಳಗಿನ ಮೆಟ್ಟಿಲು. ಸೆಂಬೆರಿಸ್ ಮನೆಯನ್ನೇ ಮೊದಲು ಕೊಟ್ಟರು. ಚಿಕಿತ್ಸೆಯ ನೆರವು ಜೊತೆಗಿರುತ್ತಿತ್ತು, ಆದರೆ ಚಿಕಿತ್ಸೆ ಬೇಡವೆಂದ ಮಾತ್ರಕ್ಕೆ ಮನೆ ಹೋಗುತ್ತಿರಲಿಲ್ಲ. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರೊಡನೆ ಈ ಕ್ರಮವನ್ನು ಪರೀಕ್ಷಿಸಿತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಪೂರ್ತಿಯಾಗಿ ಮನೆಯಲ್ಲೇ ಉಳಿದವರು ಈ ಕ್ರಮದಲ್ಲಿ ಶೇ. 62, ಎಂದಿನ ವ್ಯವಸ್ಥೆಯಲ್ಲಿ ಶೇ. 31. ಕಾಯಿಲೆಯ ಲಕ್ಷಣಗಳು ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿದವು. ಮನೆ ಔಷಧವಲ್ಲ. ಔಷಧ ಕೆಲಸ ಮಾಡುವವರೆಗೆ ಮನುಷ್ಯ ಇರಲೊಂದು ಜಾಗ ಬೇಕಲ್ಲ, ಅದು ಮನೆ.

ಪ್ರಶ್ನೆ ಕೇಳುವವರ ದನಿ ತಗ್ಗುವುದು ಅಪರಾಧಿ ಭಾವದಿಂದ ಎಂದು ನನಗೆ ಗೊತ್ತು. ಹೆತ್ತವರೇ ನೋಡಿಕೊಳ್ಳಲಾರದೆ ಹೊರಗೆ ಹಾಕಿದರು ಎಂಬ ಮಾತನ್ನು ನಮ್ಮ ತಾಯಿಯೂ ಕೇಳಿಸಿಕೊಂಡಿದ್ದಾರೆ. ಅಂಥವರಿಗೆ ನಾನು ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳುತ್ತೇನೆ. ಲಂಡನ್ನಿನ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಗಂಡಸರಲ್ಲಿ, ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಬಾಡಿಗೆ ಕೋಣೆಗಳಲ್ಲಿ ಅಥವಾ ಒಡಹುಟ್ಟಿದವರೊಡನೆ ನೆಲೆಸಿದವರು ಚೆನ್ನಾಗಿ ನಿಭಾಯಿಸಿದ್ದರು. ಪ್ರೀತಿ ಕಡಿಮೆಯಾಗಿದ್ದರಿಂದ ಹೀಗಾದದ್ದಲ್ಲ. ಒಂದೇ ಸೂರಿನಡಿ ದಿನವಿಡೀ ಕಾವಲು, ಟೀಕೆ, ಕಣ್ಣೀರು ತುಂಬಿದ್ದರೆ ಕಾಯಿಲೆ ಕೆರಳುತ್ತದೆ ಎಂದು ಬ್ರೌನ್ ಅವರ ಮುಂದಿನ ಅಧ್ಯಯನಗಳು ತೋರಿಸಿದವು. ನಮ್ಮ ಮನೆಯಲ್ಲಿ ಅದು ಮೂರೂ ಇತ್ತು. ಈಗ ತಾಯಿ ವಾರಕ್ಕೆರಡು ಸಲ ಅವಳನ್ನು ನೋಡಲು ಹೋಗುತ್ತಾರೆ. ಇಬ್ಬರೂ ಹಳೆಯ ಸಂಗತಿಗಳನ್ನು ನೆನೆದು ನಗುತ್ತಾರೆ. ಆ ನಗು ನಮ್ಮಲ್ಲಿ ಎಷ್ಟೋ ವರ್ಷ ಇರಲಿಲ್ಲ.

ಇನ್ನು ಹುಡುಕುವ ಕೆಲಸ. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೂ ಇತರ ಆರೈಕೆದಾರರಿಗೂ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕಾಯುವವರ ಪಟ್ಟಿ ಇದ್ದರೆ, ಅಗತ್ಯ ಬೀಳುವ ಮೊದಲೇ ಹೆಸರು ಬರೆಸಿ. ಒಮ್ಮೆ ಹಗಲಿನಲ್ಲಿ ನೋಡಿದ ಮನೆಯನ್ನು ಇನ್ನೊಮ್ಮೆ ಸಂಜೆ ನೋಡಿ. ರಾತ್ರಿ ಯಾರಿರುತ್ತಾರೆ, ಮಾತ್ರೆ ಬೇಡವೆಂದರೆ ಏನು ಮಾಡುತ್ತಾರೆ, ಎಷ್ಟು ಕಾಲ ಇರಬಹುದು, ಯಾವ ಕಾರಣಕ್ಕೆ ಹೊರಗೆ ಕಳುಹಿಸುತ್ತಾರೆ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಿರಿ. ಬಾಗಿಲಿಗೆ ಒಳಗಿನಿಂದ ಅಗುಳಿ ಇದೆಯೇ ನೋಡಿ. ಅಲ್ಲಿ ವಾಸಿಸುವವರೊಡನೆ, ಸಿಬ್ಬಂದಿಯಿಲ್ಲದ ಹೊತ್ತಿನಲ್ಲಿ, ಹತ್ತು ನಿಮಿಷ ಮಾತನಾಡಿ.

ಮತ್ತೊಂದು ಮಾತು, ಇದು ಅನೇಕರಿಗೆ ಹಿಡಿಸುವುದಿಲ್ಲ: ಏನನ್ನೂ ಮುಚ್ಚಿಡಬೇಡಿ. ಅವಳು ಒಮ್ಮೆ ಕಿಟಕಿಯ ಗಾಜು ಒಡೆದದ್ದನ್ನು ಮೊದಲ ಮನೆಯವರಿಗೆ ನಾವು ಹೇಳಿರಲಿಲ್ಲ. ಎರಡನೆಯ ಕಡೆ ಒಂದು ಪುಟದಲ್ಲಿ ಎಲ್ಲವನ್ನೂ ಬರೆದುಕೊಟ್ಟೆವು: ಯಾವ ಮಾತ್ರೆ, ಯಾವ ಲಕ್ಷಣ ಮೊದಲು ಕಾಣಿಸುತ್ತದೆ (ಅವಳು ನಿದ್ದೆ ಬಿಡುತ್ತಾಳೆ, ಕನ್ನಡಿಗೆ ಬಟ್ಟೆ ಮುಚ್ಚುತ್ತಾಳೆ), ಏನು ಮಾಡಿದರೆ ಶಾಂತಳಾಗುತ್ತಾಳೆ. ಒಪ್ಪದಿರುವವರು ಆಗಲೇ ಒಪ್ಪದಿರಲಿ.

ಕೋಣೆಯನ್ನು ಅವಳೇ ಆರಿಸಿಕೊಳ್ಳಲಿ. ಬೆಳಕು ತುಂಬಿದ ಕೋಣೆಯನ್ನು ನಾನು ತೋರಿಸಿದೆ, ಅವಳು ಅಡುಗೆಮನೆಯ ಹಿಂದಿನ ಕತ್ತಲ ಕೋಣೆ ಬೇಕೆಂದಳು. ಹಟ ಎಂದುಕೊಂಡೆ. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಹರಿಯುವ ಸದ್ದಿಗೆ ತಲೆಯೊಳಗಿನ ದನಿಗಳು ತಗ್ಗುತ್ತವೆ ಎಂದು ತಿಂಗಳುಗಳ ಬಳಿಕ ಹೇಳಿದಳು.

ಕಳೆದ ವರ್ಷ ಅವಳು ಮತ್ತೆ ಆಸ್ಪತ್ರೆ ಸೇರಿದಳು. ಹತ್ತೊಂಬತ್ತು ದಿನಗಳ ನಂತರ ಕರೆತಂದೆ. ಬೀಗದ ಕೈ ಅವಳ ಚೀಲದಲ್ಲೇ ಇತ್ತು. ರೇಡಿಯೊ ಮೇಜಿನ ಮೇಲಿತ್ತು, ಹೊದಿಕೆ ಅವಳು ಬಿಟ್ಟುಹೋದಂತೆಯೇ ಮುದುಡಿ ಬಿದ್ದಿತ್ತು. ಒಳಗೆ ಹೋಗಿ ಕುಳಿತಳು, ಕೊಳವೆಯ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ನನ್ನತ್ತ ನೋಡಿ, “ನೀನಿನ್ನು ಹೊರಡು, ನನಗೆ ನಿದ್ದೆ ಬರುತ್ತಿದೆ” ಎಂದಳು.