ತಡವಾಗಿ ಬಂದವರಿಗೆ ಗ್ರಾಮರ್ ಸ್ಕೂಲ್ ಸೀಟು ಸಿಗುತ್ತಾ?

"ಅಕ್ಕಾ, ಬೆಂಗಳೂರಿಂದ ಈಗಷ್ಟೇ ಬಂದಿದ್ದೀವಿ. ಮಗ ಇಯರ್ ಸೆವೆನ್. ಗ್ರಾಮರ್ ಸ್ಕೂಲ್ ಪರೀಕ್ಷೆ ಹೋದ ವರ್ಷವೇ ಮುಗಿದಿದೆಯಂತೆ. ಇನ್ನು ಆಗಲ್ವಾ?"

ನಾವಿರುವುದು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಕೇಳುವುದು ಇದನ್ನೇ. ನನ್ನ ಉತ್ತರ ಇಷ್ಟು: ಪರೀಕ್ಷೆ ಬರೆಸಬಹುದು. ಆದರೆ ಅದಕ್ಕೂ ಮೊದಲು ಸೀಟು ಖಾಲಿ ಇದೆಯಾ ಅಂತ ಕೇಳಿ.

ಗ್ರಾಮರ್ ಸ್ಕೂಲ್ ಅಂದರೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆ. ಫೀಸು ಇಲ್ಲ. ಇಂಗ್ಲೆಂಡಿನಲ್ಲಿ ಇಂಥವು ಸುಮಾರು 163 ಉಳಿದಿವೆ, ನಮ್ಮ ಕೌಂಟಿ ಒಂದರಲ್ಲೇ 13. ಸೇರುವುದು ಹನ್ನೊಂದು ವರ್ಷಕ್ಕೆ, ಇಯರ್ ಸೆವೆನ್ ಅನ್ನುವ ತರಗತಿಗೆ. ಅದರ ಹಿಂದಿನ ತರಗತಿ ಇಯರ್ ಸಿಕ್ಸ್ ಶುರುವಾಗುವ ಸೆಪ್ಟೆಂಬರ್‌ನಲ್ಲೇ ಅದಕ್ಕೆ ಇಲೆವೆನ್ ಪ್ಲಸ್ ಪರೀಕ್ಷೆ ನಡೆಯುತ್ತದೆ. ನಮ್ಮಲ್ಲಿ 121 ಅಂಕ ಬಂದರೆ ಅರ್ಹತೆ. ಅಕ್ಟೋಬರ್ 31ರೊಳಗೆ ಶಾಲೆಗಳ ಪಟ್ಟಿ ಕೊಡಬೇಕು, ಮಾರ್ಚ್ 1ಕ್ಕೆ ಯಾವ ಶಾಲೆ ಅಂತ ತಿಳಿಯುತ್ತದೆ. ಇದನ್ನೆಲ್ಲ ಊರಲ್ಲಿ ಕೂತು ವೀಸಾಕ್ಕೆ ಕಾಯುತ್ತಿರುವವರಿಗೆ ಯಾರು ಹೇಳುತ್ತಾರೆ?

ಹಾಗೆ ಪರೀಕ್ಷೆ ತಪ್ಪಿಹೋದವರಿಗೆ ಇರುವುದೇ ಲೇಟ್ ಟ್ರಾನ್ಸ್‌ಫರ್ ಪರೀಕ್ಷೆ. ಇಯರ್ ಎಯ್ಟ್‌ಗೆ ಸೇರಲು ಬರೆಯುವುದನ್ನು ಟ್ವೆಲ್ವ್ ಪ್ಲಸ್ ಅಂತಲೂ, ಇಯರ್ ನೈನ್‌ಗೆ ಬರೆಯುವುದನ್ನು ಥರ್ಟೀನ್ ಪ್ಲಸ್ ಅಂತಲೂ ಕರೆಯುತ್ತಾರೆ. ನಮ್ಮ ನವೋದಯ ಶಾಲೆ ಗೊತ್ತಲ್ಲ, ಆರನೇ ಕ್ಲಾಸಿಗೆ ದೊಡ್ಡ ಪರೀಕ್ಷೆ, ಒಂಬತ್ತನೇ ಕ್ಲಾಸಿಗೆ ಖಾಲಿ ಉಳಿದ ಸೀಟುಗಳಿಗೆ ಮಾತ್ರ ಇನ್ನೊಂದು. ಇದೂ ಹೆಚ್ಚುಕಡಿಮೆ ಹಾಗೇ. ಯಾರಾದರೂ ಊರು ಬಿಟ್ಟು ಹೋದರೆ ಒಂದು ಸೀಟು. ಯಾರೂ ಹೋಗದಿದ್ದರೆ ಇಲ್ಲ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ನಾವು ಬಂದಿದ್ದು ಜನವರಿಯಲ್ಲಿ, ಮಗಳು ಇಯರ್ ಸಿಕ್ಸ್‌ನ ಮಧ್ಯದಲ್ಲಿ. ತಡವಾಗಿ ಬಂದವರಿಗೆ ನಡೆಸುವ ಇಲೆವೆನ್ ಪ್ಲಸ್‌ಗೆ ಎರಡು ತಿಂಗಳು ಬೇರೆ ಕೆಲಸವೇ ಇಲ್ಲ ಅನ್ನುವ ಹಾಗೆ ಓದಿಸಿದೆ. ಲೆಕ್ಕದಲ್ಲಿ ತೊಂದರೆಯಾಗಲಿಲ್ಲ. ಚಿತ್ರಗಳನ್ನು ತಿರುಗಿಸಿ ನೋಡುವ ಪ್ರಶ್ನೆಗಳನ್ನು ಅವಳು ಆಟದ ಹಾಗೆ ಮಾಡುತ್ತಿದ್ದಳು. ಕಷ್ಟವಾಗಿದ್ದು ಪದಗಳು. ಒಂದು ಸಂಜೆ ಅಡುಗೆಮನೆಯ ಟೇಬಲ್ ಮೇಲೆ ಪೇಪರ್ ಹರಡಿಕೊಂಡು ಕೂತಿದ್ದವಳು, "ಅಮ್ಮಾ, ಡಸ್ಕ್ ಅಂದ್ರೇನು?" ಅಂದಳು. ಕಿಟಕಿ ತೋರಿಸಿದೆ. ಹೊರಗೆ ಬೆಳಕು ಆಗಲೇ ಮಂಕಾಗಿತ್ತು. "ಓ, ಮುಸ್ಸಂಜೆ!" ಅಂದಳು. ಆ ಮಗುವಿಗೆ ಮುಸ್ಸಂಜೆ ಗೊತ್ತು. ಇಂಗ್ಲಿಷ್ ಮೀಡಿಯಂನಲ್ಲೇ ಓದಿದವಳಿಗೆ ಫೋಟೋಸಿಂಥಿಸಿಸ್ ಕೂಡ ಗೊತ್ತು. ಡಸ್ಕ್ ಗೊತ್ತಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಮಲಗುವಾಗ ಕೇಳಿದ ಕಥೆಯಿಂದಲೇ ಬಂದಿರುತ್ತದೆ. ಆ ಪೇಪರಿನಲ್ಲಿ ಅಂಕ ಕಡಿಮೆ ಬಂದರೆ ಮಗು ಜಾಣ ಅಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಮಗುವಿಗೂ ಹಾಗೆ ಅನ್ನಿಸಲು ಬಿಡಬೇಡಿ.

ಅವಳು ಪಾಸಾದಳು. ಊರಿಗೆ ಫೋನ್ ಮಾಡಿ ಅಜ್ಜಿಗೂ ಹೇಳಿದೆವು. ಆಮೇಲೆ ತಿಳಿಯಿತು, ನಮಗೆ ಹೋಗಿಬರಲು ಆಗುವ ಶಾಲೆಗಳೆಲ್ಲ ಭರ್ತಿ. ಪಾಸಾದ ಕಾಗದ ಕೈಯಲ್ಲಿತ್ತು, ಸೀಟು ಇರಲಿಲ್ಲ. ಹನ್ನೊಂದು ವರ್ಷದವಳಿಗೆ ಅದನ್ನು ವಿವರಿಸುವುದು ನನಗೆ ತುಂಬಾ ಕಷ್ಟವಾಯಿತು. ಪರೀಕ್ಷೆಗೆ ಮೊದಲೇ ನಾನು ಹೇಳಿಡಬೇಕಿತ್ತು.

ಅದಕ್ಕೇ ಮೊದಲು ಶಾಲೆಯ ಅಡ್ಮಿಷನ್ಸ್ ಆಫೀಸಿಗೆ ಒಂದು ಈಮೇಲ್ ಹಾಕಿ. ಮಗುವಿನ ಇಯರ್‌ನಲ್ಲಿ ಈಗ ಸೀಟು ಇದೆಯಾ? ಪರೀಕ್ಷೆ ಯಾರು ನಡೆಸುತ್ತಾರೆ, ಯಾವ್ಯಾವ ಪೇಪರ್? ವೇಟಿಂಗ್ ಲಿಸ್ಟಿನ ನಿಯಮ ಏನು? ಶಾಲೆಯಿಂದ ಶಾಲೆಗೆ ಇವು ಬೇರೆಯಾಗುತ್ತವೆ, ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಕೂರಬೇಡಿ. ವೇಟಿಂಗ್ ಲಿಸ್ಟ್ ವಿಷಯದಲ್ಲಿ ನಮ್ಮವರು ತುಂಬಾ ಜನ ಮೋಸ ಹೋದ ಹಾಗೆ ನೊಂದುಕೊಳ್ಳುತ್ತಾರೆ. ಅದು ರೇಷನ್ ಅಂಗಡಿ ಕ್ಯೂ ಅಲ್ಲ. ಹೆಸರು ಮೊದಲು ಬರೆಸಿದವರಿಗೆ ಮೊದಲು ಅನ್ನುವುದನ್ನು ಇಲ್ಲಿನ ನಿಯಮವೇ ಒಪ್ಪುವುದಿಲ್ಲ. ಮನೆ ಎಷ್ಟು ಹತ್ತಿರ, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದಾರಾ, ಹೀಗೆ ಶಾಲೆಯ ನಿಯಮದ ಪ್ರಕಾರ ಸಾಲು. ನಿಮ್ಮ ನಂತರ ಸೇರಿದವರು ನಿಮಗಿಂತ ಮೇಲೆ ಹೋಗಬಹುದು. ಸೀಟು ಇಲ್ಲ ಅಂದರೆ ಅಪೀಲು ಹಾಕುವ ಹಕ್ಕಿದೆ, ಅದನ್ನು ಕೇಳುವವರು ಶಾಲೆಗೆ ಸೇರದ ಬೇರೆ ಜನ. ಅಪೀಲು ಹಾಕಿ, ಆದರೆ ಅದೊಂದನ್ನೇ ನಂಬಿಕೊಂಡು ಇರಬೇಡಿ.

ಬಂದ ತಿಂಗಳಲ್ಲೇ ಪರೀಕ್ಷೆಗೆ ಕೂರಿಸಬೇಕಾ ಅಂತಲೂ ಕೇಳುತ್ತಾರೆ. ನಾನಾದರೆ ಕೂರಿಸುವುದಿಲ್ಲ. ಚಳಿ, ಭಾಷೆ, ಊಟ, ಗೆಳೆಯರು, ಎಲ್ಲವೂ ಹೊಸದು. ಮುಂದಿನ ವರ್ಷಕ್ಕೂ ಪರೀಕ್ಷೆ ಇದ್ದರೆ ಒಂದೆರಡು ಟರ್ಮ್ ಸುಮ್ನೆ ಬಿಡಿ. ಲೈಬ್ರರಿ ಕಾರ್ಡ್ ಪುಕ್ಕಟೆ, ಕಥೆ ಪುಸ್ತಕ ತಂದು ಕೊಡಿ. ಟ್ಯೂಷನ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ನನ್ನ ಮಗಳು ನಮ್ಮ ಹತ್ತಿರದ ಅಪ್ಪರ್ ಸ್ಕೂಲ್ ಸೇರಿದಳು. ಇಲ್ಲಿ ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುವ ಶಾಲೆಗಳಿಗೆ ಹಾಗನ್ನುತ್ತಾರೆ. ಮಾರನೇ ವರ್ಷ ಟ್ವೆಲ್ವ್ ಪ್ಲಸ್ ಬರೆಯುತ್ತೀಯಾ ಅಂತ ಕೇಳಿದೆ. "ಬೇಡಮ್ಮ, ನಂಗೆ ಇಲ್ಲೇ ಇಷ್ಟ" ಅಂದಳು. ನನಗೆ ಎರಡು ದಿನ ಬೇಜಾರಾಯಿತು. ಆದರೂ ಒಪ್ಪಿದೆ, ಒಪ್ಪಿದ್ದು ಸರಿ ಅಂತ ಇವತ್ತಿಗೂ ಅನ್ನಿಸುತ್ತದೆ. ನಮ್ಮ ಪಿಯುಸಿಗೆ ಸಮನಾದ ಸಿಕ್ಸ್ತ್ ಫಾರ್ಮ್‌ಗೆ ಹಲವು ಗ್ರಾಮರ್ ಸ್ಕೂಲ್‌ಗಳು ಹೊರಗಿನ ಮಕ್ಕಳನ್ನು ಹದಿನಾರು ವರ್ಷಕ್ಕೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಗ್ರೇಡ್ ನೋಡಿ ಸೇರಿಸಿಕೊಳ್ಳುತ್ತವೆ, ಇಲೆವೆನ್ ಪ್ಲಸ್ ಬರೆದಿದ್ದೀಯಾ ಅಂತ ಕೇಳುವುದಿಲ್ಲ. ಆ ವಿಚಾರ ಬಂದಾಗ ಅವಳನ್ನೇ ಇನ್ನೊಮ್ಮೆ ಕೇಳುತ್ತೇನೆ.