ಬ್ಯಾಂಕಿನವರು ಮಾಡಿಸಿದ ವಿಮೆ ಇರುವಾಗ ಲಯಬಿಲಿಟಿ ಪಾಲಿಸಿ ಏಕೆ?

ದಾವಣಗೆರೆಯಲ್ಲಿ ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆ ನಡೆಸುವವರೂ ಕಟ್ಟಡದ ಗುತ್ತಿಗೆ ಹಿಡಿಯುವವರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಲೋನ್ ಕೊಡುವಾಗ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡ್ಸಿದಾರಲ್ಲ ಸರ್, ಮತ್ತೆ ಇದೊಂದು ಲಯಬಿಲಿಟಿ ಪಾಲಿಸಿ ಯಾಕೆ?” ವಿಮೆಯ ಕೆಲಸದಲ್ಲೇ ಇರುವ ನನಗೆ ಇದು ನ್ಯಾಯವಾದ ಪ್ರಶ್ನೆಯೆಂದೇ ತೋರುತ್ತದೆ, ಇವೆರಡರ ವ್ಯತ್ಯಾಸವನ್ನು ಪಾಲಿಸಿ ಮಾರುವ ಹೊತ್ತಿನಲ್ಲಿ ಕೂತು ವಿವರಿಸುವವರು ಕಡಿಮೆ.

ಬ್ಯಾಂಕು ಮಾಡಿಸುವ ಬೆಂಕಿ ವಿಮೆ ಮತ್ತು ಕಳವಿನ ವಿಮೆ ಸಾಲಕ್ಕೆ ಆಧಾರವಾಗಿರುವ ನಿಮ್ಮ ಸರಕು, ಯಂತ್ರ, ಕಟ್ಟಡಗಳಿಗೆ ಮಾತ್ರ ಸಂಬಂಧಿಸಿದವು. ನಿಮ್ಮ ವ್ಯವಹಾರದಿಂದ ಬೇರೊಬ್ಬರ ಮೈಗೋ ಆಸ್ತಿಗೋ ಹಾನಿಯಾದಾಗ ಕಾನೂನಿನ ಪ್ರಕಾರ ನೀವು ತೆರಬೇಕಾದ ಪರಿಹಾರ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಸರಿಯಾಗಿ ಬಿಗಿಯದ ಅಂಗಡಿಯ ಬೋರ್ಡು ಗಾಳಿಗೆ ಕಿತ್ತು ಪಿ.ಬಿ. ರಸ್ತೆಯಲ್ಲಿ ಹೋಗುತ್ತಿದ್ದವರ ತಲೆಯ ಮೇಲೆ ಬಿದ್ದರೆ, ಅವರ ಚಿಕಿತ್ಸೆಯ ಖರ್ಚು, ಅವರು ಕಳೆದುಕೊಂಡ ದುಡಿಮೆ, ನ್ಯಾಯಾಲಯ ವಿಧಿಸುವ ಪರಿಹಾರ ಇವೆಲ್ಲ ನಿಮ್ಮ ಜೇಬಿನಿಂದಲೇ ಹೋಗಬೇಕು. ಆ ಹೊಣೆಯನ್ನೂ, ವಿಮಾ ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚನ್ನೂ, ಪಾಲಿಸಿಯ ಮಿತಿಯೊಳಗೆ ಹೊರುವುದು ಪಬ್ಲಿಕ್ ಲಯಬಿಲಿಟಿ ಪಾಲಿಸಿಯ ಕೆಲಸ. ಅಪಾಯಕಾರಿ ರಾಸಾಯನಿಕಗಳನ್ನು ಇಟ್ಟುಕೊಂಡವರಿಗೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಕಡ್ಡಾಯ ಮಾಡಿರುವುದು ಬೇರೆಯದೇ ಪಾಲಿಸಿ. ಹೆಸರು ಒಂದೇ ಬಗೆಯದೆಂದು ಅದನ್ನೂ ಇದನ್ನೂ ಬೆರೆಸಬಾರದು. ಹೋಟೆಲಿನವರು ಇನ್ನೊಂದು ಮಾತು ಗಮನಿಸಬೇಕು: ಬೆಣ್ಣೆದೋಸೆ ತಿನ್ನಲು ಬಂದವರು ಒದ್ದೆ ನೆಲದಲ್ಲಿ ಜಾರಿ ಬಿದ್ದುದಕ್ಕೂ ತಿಂದ ಚಟ್ನಿಯಿಂದ ಹೊಟ್ಟೆ ಕೆಟ್ಟುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಆಹಾರ-ಪಾನೀಯಗಳ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಸೇರಿಸಿಕೊಳ್ಳಬೇಕು.

ಗುತ್ತಿಗೆದಾರರ ವಿಷಯಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಅತಿ ದೊಡ್ಡ ನಿರಾಸೆಗಳು ಅಲ್ಲಿಯೇ ಆಗುತ್ತವೆ. ಕಟ್ಟಡ ಕಟ್ಟುವವರು ಸಾಮಾನ್ಯವಾಗಿ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ತೆಗೆದುಕೊಳ್ಳುತ್ತಾರೆ. ಅದರ ಮೊದಲ ಭಾಗ ಕಟ್ಟುತ್ತಿರುವ ಕೆಲಸಕ್ಕೆ, ಎರಡನೆಯ ಭಾಗ ಮೂರನೆಯವರಿಗೆ, ಅಂದರೆ ಹೊರಗಿನವರಿಗೆ, ಆಗುವ ಹಾನಿಗೆ. ಈ ಎರಡನೆಯ ಭಾಗದಲ್ಲಿ ಒಂದು ಹೊರಗಿಡುವಿಕೆ ಇದೆ: ಕಂಪನದಿಂದಾಗಲಿ, ಪಕ್ಕದ ಆಧಾರ ತೆಗೆದುದರಿಂದ ಅಥವಾ ಅದು ಸಡಿಲವಾದುದರಿಂದಾಗಲಿ ನೆಲಕ್ಕೋ ಕಟ್ಟಡಕ್ಕೋ ಆದ ಹಾನಿಗೆ, ಪ್ರತ್ಯೇಕವಾಗಿ ಒಪ್ಪಿಕೊಂಡಿರದಿದ್ದರೆ, ಪರಿಹಾರವಿಲ್ಲ. ಹಳೆಯ ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವ ಮನೆಗಳ ನಡುವೆ ಒಂದು ನಿವೇಶನದಲ್ಲಿ ಜೆಸಿಬಿಯಿಂದ ಪಾಯ ತೋಡುವಾಗ, ಅದರಲ್ಲೂ ಎರೆಮಣ್ಣಿನ ನೆಲದಲ್ಲಿ, ಮೊದಲು ಭಯಪಡಬೇಕಾದದ್ದು ಪಕ್ಕದ ಮನೆಯ ಗೋಡೆಗೇ. ಅಂದರೆ ಯಾವ ಅಪಾಯಕ್ಕೆಂದು ಗುತ್ತಿಗೆದಾರರು ಪಾಲಿಸಿ ಕೊಂಡರೋ ಅದೇ ಅಪಾಯ ಅದರಿಂದ ಹೊರಗೆ ಉಳಿದಿರುತ್ತದೆ.

ಇದನ್ನು ಒಳಗೆ ತರಲು ಪ್ರತ್ಯೇಕ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ, ಸಿಗುತ್ತದೆ, ಆದರೆ ಅದಕ್ಕೂ ಷರತ್ತುಗಳಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಕ್ಕಣೆಯ ಪ್ರಕಾರ, ಪಕ್ಕದ ಕಟ್ಟಡ ಪೂರ್ತಿಯಾಗಿಯೋ ಭಾಗಶಃವೋ ಕುಸಿದಿರಬೇಕು, ಕೆಲಸ ಶುರುವಾಗುವ ಮೊದಲು ಅದು ಗಟ್ಟಿಯಾಗಿದ್ದಿರಬೇಕು, ಮುನ್ನೆಚ್ಚರಿಕೆ ಕೈಗೊಂಡಿರಬೇಕು, ಕಂಪನಿ ಕೇಳಿದರೆ ಆ ಕಟ್ಟಡದ ಸ್ಥಿತಿಯ ವರದಿಯನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಮೊದಲೇ ಮಾಡಿಸಿರಬೇಕು. ಕಟ್ಟಡದ ಭದ್ರತೆಗೆ ಧಕ್ಕೆಯಾಗದ ಮೇಲ್ಮೈ ಬಿರುಕುಗಳಿಗೆ ಹಣ ಬರುವುದಿಲ್ಲ. ಆದ್ದರಿಂದ ಪಾಯ ತೋಡುವ ಮೊದಲೇ ಅಕ್ಕಪಕ್ಕದ ಗೋಡೆಗಳ ಫೋಟೊ ತೆಗೆದು, ಇರುವ ಬಿರುಕುಗಳನ್ನು ಬರೆದು, ಆ ಮನೆಯವರಿಂದ ಸಹಿ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನೆರೆಯವರಿಗೂ ಇದರಿಂದ ರಕ್ಷಣೆಯಿದೆ. ರಸ್ತೆ ಅಗೆಯುವ ಕೆಲಸವಾದರೆ, ನೆಲದಡಿಯ ಕೇಬಲ್ಲು-ಪೈಪುಗಳು ಎಲ್ಲಿವೆ ಎಂದು ಬೆಸ್ಕಾಂ, ಪಾಲಿಕೆಗಳಿಂದ ಮೊದಲೇ ಬರಹದಲ್ಲಿ ಕೇಳಿಟ್ಟುಕೊಂಡಿರುವುದು ಅಷ್ಟೇ ಮುಖ್ಯ.

ಕೂಲಿಯವರಿಗೆ ಪೆಟ್ಟಾದರೆ ಲಯಬಿಲಿಟಿ ಪಾಲಿಸಿ ಕೊಡುತ್ತದೆಯೇ ಎಂದೂ ಕೇಳುತ್ತಾರೆ. ಇಲ್ಲ. ನಿಮ್ಮ ಕೈಕೆಳಗೆ ದುಡಿಯುವವರು ಈ ಪಾಲಿಸಿಯ ಲೆಕ್ಕದಲ್ಲಿ ಮೂರನೆಯವರಲ್ಲ. ಅವರ ಪರಿಹಾರದ ಹೊಣೆ 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದಕ್ಕೆ ನೌಕರರ ಪರಿಹಾರದ ಪ್ರತ್ಯೇಕ ಪಾಲಿಸಿ ಬೇಕು; ಇಎಸ್‌ಐ ವ್ಯಾಪ್ತಿಗೆ ಬರುವ ಕೆಲಸಗಾರರಿಗೆ ಆ ವ್ಯವಸ್ಥೆಯೇ ಅನ್ವಯಿಸುತ್ತದೆ. ಮೊತ್ತ ಸಣ್ಣದೆಂದು ಯಾರೂ ಭಾವಿಸಬಾರದು. ಸಾವು ಸಂಭವಿಸಿದಾಗ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುವ 1923ರ ಕಾಯ್ದೆಯ ಕ್ರಮದಲ್ಲಿ, 30 ವರ್ಷದವರಿಗೆ ಆ ಅಂಶ 207.98, ತಿಂಗಳಿಗೆ 15,000 ರೂಪಾಯಿ ವೇತನ ಹಿಡಿದರೆ ಪರಿಹಾರ 15,59,850 ರೂಪಾಯಿ. ಸೆಂಟ್ರಿಂಗ್ ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟಿದ್ದೇನೆ, ಅವರ ಆಳುಗಳು ನನಗೆ ಸಂಬಂಧವಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮುಖ್ಯ ಗುತ್ತಿಗೆದಾರರಿಂದ ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಕೊಟ್ಟ ಹಣವನ್ನು ಉಪಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳುವುದು ಆಮೇಲಿನ ಮಾತು. ಬಡ ಕುಟುಂಬವೊಂದು ದುಡಿಯುವ ಕೈಯನ್ನು ಕಳೆದುಕೊಂಡಾಗ ನೌಕರರ ಪರಿಹಾರದ ಪಾಲಿಸಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರವಿದೆ; ನಾನು ಆಯ್ದುಕೊಳ್ಳಬೇಕಾಗಿ ಬಂದರೆ ಇದನ್ನೇ ಮೊದಲು ಮಾಡಿಸುತ್ತೇನೆ.

ಪಾಲಿಸಿಯ ಮೊದಲ ಪುಟದಲ್ಲಿ ಎರಡು ಮಿತಿಗಳಿರುತ್ತವೆ: ಒಂದು ಅವಘಡಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಜೊತೆಗೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಮೊತ್ತವೂ ನಮೂದಾಗಿರುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ನವೀಕರಣದ ವಿಷಯ. ನಮ್ಮಲ್ಲಿ ಮಾರುವ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳು ಬಹುಮಟ್ಟಿಗೆ, ಅವಘಡ ನಡೆದುದನ್ನಷ್ಟೇ ಅಲ್ಲ, ಪರಿಹಾರದ ಬೇಡಿಕೆ ಬಂದ ದಿನಾಂಕವನ್ನೂ ನೋಡುತ್ತವೆ. ಪೆಟ್ಟಾದ ಗ್ರಾಹಕರಿಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷಗಳ ಕಾಲಾವಕಾಶವಿದೆ. ಅಷ್ಟರಲ್ಲಿ ನೀವು ಪಾಲಿಸಿ ಕೈಬಿಟ್ಟಿದ್ದರೆ ಹಳೆಯ ಅವಘಡದ ನೋಟಿಸು ಬಂದಾಗ ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಅವಘಡವಾದ ದಿನ ನಮ್ಮ ಊರುಗಳಲ್ಲಿ ನಡೆಯುವುದೇನೆಂದರೆ, ನಾಲ್ಕು ಜನ ಹಿರಿಯರು ಕೂತು ಇಷ್ಟು ಕೊಟ್ಟು ಮುಗಿಸಿ ಎನ್ನುತ್ತಾರೆ, ಗುತ್ತಿಗೆದಾರರು ಒಪ್ಪಿ ಕಾಗದ ಬರೆದುಕೊಡುತ್ತಾರೆ. ರಾಜಿ ಮಾಡಿಸುವವರ ಮನಸ್ಸು ಒಳ್ಳೆಯದೇ, ಆದರೆ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದನ್ನೂ ಹಣ ಕೊಡುತ್ತೇನೆಂದು ಮಾತು ಕೊಡುವುದನ್ನೂ ಪಾಲಿಸಿಯ ಷರತ್ತು ತಡೆಯುತ್ತದೆ. ಆ ಕಾಗದದಿಂದಾಗಿ ಕ್ಲೇಮು ತಿರಸ್ಕೃತವಾಗಬಹುದು. ಗಾಯಗೊಂಡವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸುವುದು ತಪ್ಪೊಪ್ಪಿಗೆಯಲ್ಲ, ಅದಕ್ಕೆ ಹಿಂಜರಿಯಲೇಬೇಡಿ. ಅದರ ಜೊತೆಗೆ ಅದೇ ದಿನ ವಿಮಾ ಕಚೇರಿಗೆ ಬರಹದಲ್ಲಿ ತಿಳಿಸಿ, ಪೊಲೀಸ್ ದೂರು, ಫೋಟೊ, ವಕೀಲರ ನೋಟಿಸು ಎಲ್ಲವನ್ನೂ ಕಳುಹಿಸಿ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಏಕಮಾಲೀಕತ್ವದ ಅಂಗಡಿಯವರೂ ಅತಿ ಸಣ್ಣ ಉದ್ಯಮದವರೂ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಆ ಕಚೇರಿಗಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.